ಬಾಕಿ ಉಳಿದ ಕಾಲು ಚಕ್ಕುಲಿ

ಒಗೆಯಲು ಹಾಕುವ ಮುನ್ನ ನನ್ನ ಅಂಗಿಗಳ ಜೇಬು ತಡಕುವುದು ನನ್ನ ಹೆಂಡತಿ ಫಿಲೋಮಿನಾಳ ಹಳೆಯ ಅಭ್ಯಾಸ. ಅಲ್ಲಿ ಅವಳಿಗೆ ಬಸ್ಸಿನ ಟಿಕೆಟ್ಟು, ಕೆಂಪು ಪೆನ್ನಿನ ಮುಚ್ಚಳ, ಔಷಧದ ಅಂಗಡಿಯ ಚೀಟಿ ಸಿಗುವುದುಂಟು. ಶನಿವಾರ ತೊಟ್ಟ ಅಂಗಿಯಾದರೆ ಕಾಳುಗಳೂ ಸಿಗುತ್ತವೆ: ಹುರುಳಿ, ಅಲಸಂದೆ, ಒಮ್ಮೊಮ್ಮೆ ಬೆವರಿಗೆ ಮೊಳಕೆಯೊಡೆಯಲು ಹವಣಿಸುತ್ತಿರುವ ಒಂದು ಹೆಸರು. ಅವನ್ನೆಲ್ಲ ಅವಳು ಮರುಮಾತಿಲ್ಲದೆ ಕಿಟಕಿಯ ಕಟ್ಟೆಯ ಮೇಲಿಟ್ಟು ಅಳಿಲುಗಳ ಪಾಲು ಮಾಡುತ್ತಾಳೆ. ಆದರೆ ಈ ದಸರೆಯ ಒಂದು ಬೆಳಿಗ್ಗೆ ಬಚ್ಚಲಿನ ಕಡೆಯಿಂದ ಬಂದ ಅವಳ ದನಿಯಲ್ಲಿ ವಿಚಾರಣೆಯ ಧಾಟಿಯಿತ್ತು.

“ಇದೇನ್ರೀ ಇದು, ಜೇಬ್ ತುಂಬ ಚಕ್ಕುಲಿ ಪುಡಿ? ಕಟ್ಟಿಸ್ಕೊಂಡಿರೋ ಹಲ್ಲಲ್ಲಿ ಚಕ್ಕುಲಿ ತಿನ್ನಕ್ಕೆ ಹೋಗಿದ್ರಾ?”

“ತಿಂದಿದ್ರೆ ಜೇಬಲ್ಲಿ ಯಾಕಿರ್ತಿತ್ತು? ಎಸೀಬೇಡ. ಒಂದು ಕಾಗದದಲ್ಲಿ ಕಟ್ಟಿಡು.”

“ಪುಡೀನಾ?”

“ಅದು ಪುಡಿಯಲ್ಲ. ತಕರಾರಿನಲ್ಲಿರೋ ಕಾಲು ಚಕ್ಕುಲಿ.”

“ಅಯ್ಯೋ ದೇವ್ರೆ, ಅದಿನ್ನೂ ಮುಗೀಲಿಲ್ವಾ” ಎಂದಳು. ಆದರೆ ಕಟ್ಟಿಟ್ಟಳು.

ಆ ತಕರಾರಿನ ಹುಟ್ಟನ್ನು ಹೇಳದಿದ್ದರೆ, ಈ ವಯಸ್ಸಿನಲ್ಲಿ ನಾನು ಪ್ರತಿ ಶನಿವಾರ ಕೆಸರೆಯ ವಾಚನಾಲಯದಲ್ಲಿ ಮಕ್ಕಳ ಮುಂದೆ ಬೇಳೆಕಾಳು ಹರಡಿಕೊಂಡು ಕೂರುವುದೇಕೆಂಬುದು ನಿಮಗೆ ತಿಳಿಯುವುದಿಲ್ಲ. ಸಮಾಜಸೇವೆಯೆಂದು ಕೆಲವರು ಭಾವಿಸಿದ್ದಾರೆ. ಭಾವಿಸಲಿ. ಅದರ ಬೇರು ಒಂದು ಅವಮಾನದಲ್ಲಿದೆ, ಮತ್ತು ಆ ಅವಮಾನಕ್ಕೆ ಎಳ್ಳು ಬೆರೆಸಿ ಎಣ್ಣೆಯಲ್ಲಿ ಕರಿದ ಆಕಾರವಿದೆ.

ನಮ್ಮ ತಂದೆ ಇನ್ನಾಸಪ್ಪನವರು ಸಂತೇಪೇಟೆಯ ದಿನಸಿ ಮಂಡಿಯೊಂದರಲ್ಲಿ ತಕ್ಕಡಿಯ ಮುಂದೆ ನಿಂತು ಆಯುಷ್ಯ ಸವೆಸಿದವರು. ಚಾಮರಾಜಪುರಂನ ಒಂದು ವಠಾರದಲ್ಲಿ ನಮ್ಮ ಬಿಡಾರ. ಸಂಜೆ ಮನೆಗೆ ಬಂದು ಅವರು ಪಂಚೆ ಕೊಡವಿದರೆ ಮಡಿಕೆಗಳಿಂದ ಕಾಳು ಉದುರುತ್ತಿತ್ತು. ಬೇರೆ ಮಕ್ಕಳ ಅಪ್ಪಂದಿರು ಪೆಪ್ಪರಮೆಂಟು ತರುತ್ತಿದ್ದರು. ನನಗೆ ಬರುತ್ತಿದ್ದುದು ಪಂಚೆಯ ಮಡಿಕೆಯ ಈ ಸರಕು. ನನ್ನನ್ನು ಎದುರಿಗೆ ಕೂರಿಸಿಕೊಂಡು, ಕಣ್ಣು ಮುಚ್ಚಿಸಿ, ಅಂಗೈಗೆ ಒಂದೊಂದೇ ಕಾಳು ಹಾಕಿ “ಯಾರಪ್ಪ ಇವರು?” ಎಂದು ಕೇಳುತ್ತಿದ್ದರು. ತಮ್ಮನ್ನು ಮಂಡಿಯ ಯಜಮಾನರು ಏಕವಚನದಲ್ಲಿ ಕರೆಯುತ್ತಿದ್ದುದಕ್ಕೋ ಏನೋ, ಅವರು ಕಾಳುಗಳನ್ನು ಬಹುವಚನದಲ್ಲೇ ಕರೆಯುತ್ತಿದ್ದರು. “ಕಡ್ಲೆಬೇಳೆಯೋರ ಬೆನ್ನು ಉಬ್ಬು, ತುದೀಲಿ ಒಂದು ಸಣ್ಣ ಮೂಗಿರುತ್ತೆ. ತೊಗರಿಬೇಳೆಯೋರು ಚಪ್ಪಟೆ, ಅವರಿಗೆ ಮೂಗಿಲ್ಲ. ಬಣ್ಣ ನೋಡಿ ಮೋಸ ಹೋಗ್ಬೇಡ ಮಗನೆ, ಮೂಗು ನೋಡು.” ಎಂಟು ವರ್ಷ ತುಂಬುವಷ್ಟರಲ್ಲಿ ನಾನು ಕಣ್ಣುಮುಚ್ಚಿ ಎರಡನ್ನೂ ಬೇರ್ಪಡಿಸಬಲ್ಲವನಾಗಿದ್ದೆ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ನಮ್ಮ ಬೀದಿಯಲ್ಲಿ ಮಗ್ಗಿ ಒಪ್ಪಿಸಬಲ್ಲ ಹುಡುಗರು ಹಲವರಿದ್ದರು. ಈ ವಿದ್ಯೆ ಬಲ್ಲವನು ನಾನೊಬ್ಬನೇ.

ಈ ಊರಿನಲ್ಲಿ ದಸರೆ ಎಂದರೆ ಹೊರಗಿನವರಿಗೆ ಆನೆ, ಅಂಬಾರಿ, ಬನ್ನಿಮಂಟಪದ ಪಂಜಿನ ಕವಾಯತು. ಆ ಕಾಲದ ಮಕ್ಕಳಾದ ನಮಗೆ ದಸರೆ ಎಂದರೆ ಬೊಂಬೆ ಬಾಗಿನ. ಸಂಜೆಯಾದೊಡನೆ ಗುಂಪು ಕಟ್ಟಿಕೊಂಡು ಮನೆ ಮನೆಯ ಬಾಗಿಲಲ್ಲಿ “ಬೊಂಬೆ ಕೂರ್ಸಿದೀರಾ?” ಎಂದು ಕೂಗುವುದು, ಒಳಗೆ ಹೋಗಿ ಮೆಟ್ಟಿಲಿನ ಮೇಲೆ ಸಾಲಾಗಿ ಇಟ್ಟ ಬೊಂಬೆಗಳನ್ನು ನೋಡಿದಂತೆ ಮಾಡುವುದು, ಕೊಟ್ಟ ಚಕ್ಕುಲಿ, ಕೋಡುಬಳೆ, ಕೊಬ್ಬರಿ ಮಿಠಾಯಿಗಳನ್ನು ಜೇಬಿಗಿಳಿಸಿ ಮುಂದಿನ ಮನೆಗೆ ಓಡುವುದು. ನಾವು ಕ್ರೈಸ್ತರು, ನಮ್ಮ ಮನೆಯಲ್ಲಿ ಬೊಂಬೆ ಕೂರಿಸುತ್ತಿರಲಿಲ್ಲ. ಆದರೆ ಚಕ್ಕುಲಿ ಕೊಡುವ ಕೈ ಅದನ್ನು ಕೇಳಿದ್ದಿಲ್ಲ, ಒಂದೇ ಒಂದು ಮನೆಯನ್ನು ಬಿಟ್ಟರೆ.

ಆ ಮನೆಯಲ್ಲಿ ಒಂದು ವಿಶೇಷ ಕಟ್ಟಳೆಯಿತ್ತು. ಬೊಂಬೆಗಳ ಕೆಳಗಿನ ಸಾಲಿನಲ್ಲಿ ಶೆಟ್ಟರು ಮತ್ತು ಶೆಟ್ಟಮ್ಮ ಕೂತಿರುತ್ತಾರೆಂಬುದು ನಿಮಗೆ ಗೊತ್ತೇ ಇದೆ: ದೊಡ್ಡ ಹೊಟ್ಟೆಯ ದಿನಸಿ ವ್ಯಾಪಾರಿ, ಪಕ್ಕದಲ್ಲಿ ಮೂಗುತಿ ತೊಟ್ಟ ಹೆಂಡತಿ, ಮುಂದೆ ಅಂಗಡಿ. ದಂಪತಿಗಳು ಮಣ್ಣಿನವರಾದರೂ ಅಂಗಡಿಯ ಸರಕು ನಿಜವಾದದ್ದು. ಪುಟ್ಟ ಪುಟ್ಟ ಹಿತ್ತಾಳೆ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ, ಮೆಣಸು. ಆ ಮನೆಯಲ್ಲಿ ಬಾಗಿನ ಬೇಕಾದರೆ ಹಾಡು ಹೇಳಿದರೆ ಸಾಲದು. ಶೆಟ್ಟರ ಅಂಗಡಿಯ ಬಟ್ಟಲುಗಳಲ್ಲಿ ಇರುವುದೇನೆಂದು ಒಂದೊಂದಾಗಿ ಹೇಳಬೇಕು. ನನ್ನಂಥವನಿಗಾಗಿಯೇ ಏರ್ಪಡಿಸಿದ ಪರೀಕ್ಷೆ ಅದು. ನಾನು ಆ ಮನೆಯ ಮೆಟ್ಟಿಲು ಹತ್ತಿದ್ದು ಪದಕ ಸ್ವೀಕರಿಸಲು ಹೋಗುವವನಂತೆ.

ಆ ವರ್ಷ ಪರೀಕ್ಷಕಿಯಾಗಿ ಕೂತಿದ್ದವರು ಆಗಷ್ಟೇ ಮದುವೆಯಾಗಿ ಬಂದಿದ್ದ ಸೊಸೆ ಜಾನಕಮ್ಮನವರು. ನನಗಿಂತ ಮುಂದಿದ್ದ ಮಕ್ಕಳೆಲ್ಲ ಹಳದಿ ಬೇಳೆಯ ಬಟ್ಟಲನ್ನು ತೊಗರಿಬೇಳೆ ಎಂದರು, ಆಕೆ ತಲೆಯಾಡಿಸಿದರು, ಒಂದೊಂದು ಇಡೀ ಚಕ್ಕುಲಿ ಕೊಟ್ಟರು. ನನ್ನ ಸರದಿ ಬಂತು.

“ಕಡ್ಲೆಬೇಳೆ” ಎಂದೆ.

“ತೊಗರಿಬೇಳೆ ಕಣೋ.”

“ಅಲ್ಲಮ್ಮ, ಕಡ್ಲೆಬೇಳೆ. ಮೂಗಿದೆ ನೋಡಿ.”

ಬೇಳೆಗೆ ಮೂಗು ಎಂದೊಡನೆ ಮಕ್ಕಳು ಗೊಳ್ಳೆಂದು ನಕ್ಕರು. ಆಕೆಯ ಮುಖ ಕೆಂಪಾಯಿತು.

“ನಿಮ್ಮನೇಲಿ ಬೊಂಬೆ ಇಡ್ತೀರೇನೋ?”

“ಇಲ್ಲ.”

“ಮತ್ತೆ ಶೆಟ್ಟರ ಅಂಗಡಿ ವಿಚಾರ ನಿನಗ್ಯಾಕೋ? ತಪ್ಪು ಹೇಳ್ದೆ. ತಗೋ, ನಿನಗಿಷ್ಟೆ.” ಡಬ್ಬಿಯ ತಳದಲ್ಲಿ ಮುರಿದು ಬಿದ್ದಿದ್ದ ಒಂದು ತುಂಡನ್ನು ಎತ್ತಿ ನನ್ನ ಕೈಗೆ ಹಾಕಿದರು.

ನಾನು ಅದನ್ನು ನೋಡಲಿಲ್ಲ. ನೋಡಿದರೆ ಅಳು ಬಂದೀತೆಂದು ಜೇಬಿಗೆ ತುರುಕಿಕೊಂಡು ಮನೆಯವರೆಗೂ ಒಂದೇ ಉಸಿರಿಗೆ ಓಡಿದೆ. ತಂದೆಯ ಮುಂದೆ ತೆಗೆದಿಟ್ಟಾಗ ಅದು ಅರ್ಧ ಚಕ್ಕುಲಿಯಾಗಿತ್ತು. ಅವರು ಒಂದು ಚೂರನ್ನು ಬಾಯಿಗೆ ಹಾಕಿಕೊಂಡು, “ಹುರಿಗಡಲೆ ಹಿಟ್ಟು ಸ್ವಲ್ಪ ಜಾಸ್ತಿಯಾಗಿದೆ” ಎಂದರು. ಆಮೇಲೆ, “ನೀನು ಹೇಳಿದ್ದು ಸರಿ. ಅಷ್ಟು ಸಾಕು ಬುಡು” ಎಂದರು. ಅವರಿಗೆ ಸಾಕಾಗಿರಬಹುದು. ನನಗೆ ಸಾಕಾಗಲಿಲ್ಲ. ಮುಂದಿನ ದಸರೆಯಿಂದ ನಾನು ಆ ಮನೆಗೆ ಹೋಗಲಿಲ್ಲ. ಆ ಬೀದಿಯಲ್ಲಿ ನಡೆಯಬೇಕಾಗಿ ಬಂದಾಗ ಎದುರುಬದಿಯಲ್ಲೇ ನಡೆದೆ.

ಕೊಡಬೇಕಾಗಿದ್ದ ಉತ್ತರ ನನಗೆ ಹೊಳೆದದ್ದು ಡಿಸೆಂಬರಿನಲ್ಲಿ, ಬಹಳ ತಡವಾಗಿ. ಕ್ರಿಸ್ಮಸ್ಸಿಗೆ ನಮ್ಮ ಮನೆಯಲ್ಲಿ ಗೋದಲಿ ಕಟ್ಟುತ್ತಿದ್ದೆವು. ಬಾಲಯೇಸು, ಮರಿಯಮ್ಮನವರು, ಕುರಿ, ಕುರುಬ, ಹಸು, ಎಲ್ಲರೂ ಬೊಂಬೆಗಳೇ. ಗೋದಲಿಯ ಸುತ್ತ ಹಸುರು ಹೊಲ ಬೇಕೆಂದು ಅಮ್ಮ ತೆಂಗಿನ ಚಿಪ್ಪುಗಳಲ್ಲಿ ಮಣ್ಣು ತುಂಬಿ ರಾಗಿ ಚೆಲ್ಲುತ್ತಿದ್ದಳು. ಹಬ್ಬದ ಹೊತ್ತಿಗೆ ಬೆರಳುದ್ದದ ಪೈರು. ಆ ಪೈರಿಗೆ ನೀರು ಚಿಮುಕಿಸುತ್ತಿದ್ದಾಗ ನಾನು ಗಟ್ಟಿಯಾಗಿ ಹೇಳಿಕೊಂಡೆ: “ನಮ್ಮನೇಲೂ ಬೊಂಬೆ ಇಡ್ತೀವಿ. ನಮ್ಮ ಬೊಂಬೆಗಳ ಮುಂದೆ ಕಾಳು ಬೆಳೆಯುತ್ತೆ.” ಕೇಳಿಸಿಕೊಂಡವು ಮಣ್ಣಿನ ಕುರಿಗಳು ಮಾತ್ರ. ಉತ್ತರವನ್ನು ನಾನು ಜೋಪಾನವಾಗಿ ಇಟ್ಟುಕೊಂಡೆ.

ಮೂಗು ನೋಡುವ ಈ ಚಾಳಿಯೇ ಮುಂದೆ ನನಗೆ ಅನ್ನ ಕೊಟ್ಟಿತು. ಇಲ್ಲಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನಾಗಿ ಸೇರಿ, ತಿದ್ದುತ್ತಲೇ ನಿವೃತ್ತನಾದೆ. ದೊಡ್ಡ ದೊಡ್ಡವರ ಪುಸ್ತಕಗಳು ನನ್ನ ಕೆಂಪು ಶಾಯಿಯ ಕೆಳಗೆ ಹಾದುಹೋಗಿವೆ. ಅವರಲ್ಲಿ ಯಾರು ಮುನ್ನುಡಿಯಲ್ಲಿ ನನ್ನನ್ನು ಸ್ಮರಿಸಿದರು, ಯಾರು ಸ್ಮರಿಸಲಿಲ್ಲ ಎಂಬುದು ನನಗೆ ನೆನಪಿದೆ. ಅದು ಈ ಪ್ರಬಂಧದ ವಿಷಯವಲ್ಲವೆಂದು ಸುಮ್ಮನಿದ್ದೇನೆ.

ನಿವೃತ್ತನಾದ ಮೇಲೆ ಮನೆಯಲ್ಲಿದ್ದ ಮಕ್ಕಳ ಪುಸ್ತಕಗಳ ಒಂದು ಗಂಟನ್ನು ಕೆಸರೆಯ ವಾಚನಾಲಯಕ್ಕೆ ಕೊಡಲು ಹೋಗಿದ್ದೆ. ಅಲ್ಲಿ ಚಂದನಾ ಎಂಬ ಹುಡುಗಿ ನೆಲದ ಮೇಲೆ ಕೂತು ಬಣ್ಣದ ಚಿತ್ರಪುಸ್ತಕವೊಂದನ್ನು ತಿರುವಿಹಾಕುತ್ತಿದ್ದಳು; ಆಟೋ ಓಡಿಸುವ ಮಹದೇವನ ಮಗಳು, ಆಗ ಏಳು ವರ್ಷದವಳು. ಪುಟದಲ್ಲಿದ್ದ ಸ್ಟ್ರಾಬೆರಿಯನ್ನು, ಕಿವಿ ಹಣ್ಣನ್ನು, ಬ್ರೊಕೊಲಿಯನ್ನು ತಡವರಿಸದೆ ಗುರುತಿಸಿದಳು. ಸಂತೋಷವಾಗಿ, ಬೆಳಿಗ್ಗೆ ಏನು ತಿಂದೆ ಎಂದು ಕೇಳಿದೆ.

“ಅನ್ನ, ಸಾರು.”

“ಸಾರಲ್ಲಿ ಏನಿತ್ತು?”

“ಸಾರಿನ ಪುಡಿ.”

“ಅದರ ಜೊತೆಗೆ?”

ಅವಳು ಯೋಚಿಸಿದಳು. “ನೀರು.”

“ಹಳದಿಯಾಗಿ, ಮೆತ್ತಗೆ, ತಳದಲ್ಲಿ ಏನೋ ಇರುತ್ತಲ್ಲ?”

“ಅದಾ? ಅದು ಸಾರಿನ ಮಣ್ಣು ತಾತ. ನಾನು ಬುಟ್ಬುಡ್ತೀನಿ.”

ನಾನು ಅಲ್ಲೇ ಕುರ್ಚಿಯಲ್ಲಿ ಕುಸಿದೆ. ಎಂದೂ ಬಾಯಿಗಿಡದ ಹಣ್ಣಿನ ಹೆಸರು ಬಲ್ಲ ಮಗು, ದಿನವೂ ತಟ್ಟೆಗೆ ಬರುವ ಬೇಳೆಯನ್ನು ಮಣ್ಣೆಂದು ತಳಕ್ಕೆ ಬಿಡುತ್ತಿದೆ. ತಪ್ಪು ಮಗುವಿನದಲ್ಲ. ಅವಳಿಗೆ ಓದಲು ಕೊಟ್ಟ ಪುಸ್ತಕದಲ್ಲಿ ಅವಳ ಮನೆಯ ಊಟವೇ ಇರಲಿಲ್ಲ. ಇಂಥ ಲೋಪವನ್ನು ಕರಡಿನಲ್ಲೇ ಹಿಡಿಯಬೇಕಿತ್ತು, ಯಾರೂ ಹಿಡಿಯಲಿಲ್ಲ. ಆ ಸಂಜೆಯೇ ಬರೆಯಲು ಕೂತೆ.

ಪುಸ್ತಕದಲ್ಲಿ ಕಥೆಯೆಂಬುದು ಹೆಚ್ಚೇನಿಲ್ಲ. ಶೆಟ್ಟರು, ಶೆಟ್ಟಮ್ಮ, ಅವರ ಅಂಗಡಿ. ಒಂದು ಪುಟಕ್ಕೆ ಒಂದು ಬಟ್ಟಲು. ಬಟ್ಟಲಿನ ಜಾಗದಲ್ಲಿ ಖಾಲಿ ಬಿಟ್ಟ ಒಂದು ವೃತ್ತ. ಅಲ್ಲಿ ಮಗು ತನ್ನ ಮನೆಯ ಅಡುಗೆಮನೆಯಿಂದಲೇ ಕಾಳನ್ನು ಹುಡುಕಿ ತಂದು ಅಂಟಿಸಬೇಕು. ಕೆಳಗೆ ಮೂರು ಪ್ರಶ್ನೆ: ಇವರ ಮೈ ಹೇಗಿದೆ, ಇವರ ಗಿಡ ಯಾವುದು, ಇವರು ನಿಮ್ಮ ತಟ್ಟೆಗೆ ಯಾವ ವೇಷದಲ್ಲಿ ಬರುತ್ತಾರೆ. ಕಾಳುಗಳಿಗೆ ಬಹುವಚನವನ್ನೇ ಉಳಿಸಿಕೊಂಡೆ.

ಚಿತ್ರ ಬರೆದ ತರುಣ ಕಡಲೇಕಾಯಿಯನ್ನು ಗಿಡದ ರೆಂಬೆಯಿಂದ ಗೊಂಚಲು ಗೊಂಚಲಾಗಿ ತೂಗುಬಿಟ್ಟಿದ್ದ. ಹುಣಿಸೆಹಣ್ಣೆಂದು ತಿಳಿದು ನಾನು ಮೆಚ್ಚಿಯೂ ಬಿಟ್ಟಿದ್ದೆ. ತಿಳಿದ ಮೇಲೆ ತಿದ್ದಲು ಹೇಳಿದರೆ, “ಮಕ್ಕಳ ಪುಸ್ತಕ ತಾನೆ ಸಾರ್, ಯಾರು ನೋಡ್ತಾರೆ” ಎಂದ. ಮಕ್ಕಳು ನೋಡುತ್ತಾರೆ ಎಂದೆ. ಮರುದಿನ ದೇವರಾಜ ಮಾರುಕಟ್ಟೆಯಿಂದ ಬೇರು, ಮಣ್ಣು ಸಮೇತ ಒಂದು ಹಸಿ ಕಡಲೇಕಾಯಿ ಗಿಡವನ್ನು ತಂದು ಅವನ ಮೇಜಿನ ಮೇಲಿಟ್ಟು ಬಂದೆ. ಕಂಪ್ಯೂಟರಿನ ಮೇಲೆ ಮಣ್ಣು ಬಿತ್ತೆಂದು ಅವನು ಇಂದಿಗೂ ದೂರುತ್ತಾನಂತೆ. ಪುಸ್ತಕದಲ್ಲಿ ಕಡಲೇಕಾಯಿ ಈಗ ಇರಬೇಕಾದಲ್ಲಿ, ನೆಲದೊಳಗಿದೆ.

ವಾಚನಾಲಯದ ಅಧ್ಯಕ್ಷರು ಮೊದಲ ಶನಿವಾರವೇ ಬಂದು ಬಾಗಿಲಲ್ಲಿ ನಿಂತರು. ಮೊರದ ತುಂಬ ಕಾಳು, ಆ ಕಡೆ ಇಬ್ಬರು ಮಕ್ಕಳು, ಈ ಕಡೆ ನಾನು.

“ಏನ್ ಚೌರಪ್ಪನೋರೆ, ಪುಸ್ತಕ ಓದೋ ಜಾಗಾನ ರೇಷನ್ ಅಂಗಡಿ ಮಾಡ್ಬುಟ್ರಲ್ಲ. ಇಲಿ ಬಂದ್ರೆ?”

“ಇಲಿ ಬಂದ್ರೆ ಅದೂ ಓದಲಿ ಬುಡಿ ಸ್ವಾಮಿ. ಹೆಸರು ಬರೀದೆ ಒಳಗೆ ಕೂರಿಸ್ಕೋತೀನಿ.”

ಅದೇ ಅಧ್ಯಕ್ಷರು ಈಚೆಗೆ ಒಂದು ಸಭೆಯಲ್ಲಿ “ನಮ್ಮ ವಾಚನಾಲಯದ ಶನಿವಾರದ ಕಾರ್ಯಕ್ರಮ” ಎಂದು ಬಹಳ ಹೊತ್ತು ಮಾತಾಡಿದರು. ‘ನಮ್ಮ’ ಎಂಬ ಪದವನ್ನು ನಾನು ಗಮನಿಸಿದ್ದೇನೆ. ಇಲಿ ಇದುವರೆಗೆ ಬಂದಿಲ್ಲ.

ಬಂದದ್ದು ಮಕ್ಕಳು. ಮೊದಲು ಚಂದನಾ ಮತ್ತು ಅವಳ ಜಡೆ ಹಿಡಿದುಕೊಂಡು ಬಂದ ಒಬ್ಬ ತಮ್ಮ. ಆಮೇಲೆ ಬೀದಿಯ ಅರ್ಧ. ಈಗ ಚಾಪೆ ಸಾಲದು. ಪುಸ್ತಕದ ಒಂದು ಪುಟ ಗಟ್ಟಿಯಾಗಿ ಓದುತ್ತೇವೆ, ಆ ಪುಟದ ಕಾಳನ್ನು ಕಣ್ಣುಮುಚ್ಚಿ ಗುರುತಿಸುತ್ತೇವೆ, ಯಾರಾದರೊಬ್ಬರ ಅಮ್ಮ ಬಂದು ಅದರಲ್ಲಿ ಏನಾದರೂ ಮಾಡಿ ತೋರಿಸುತ್ತಾಳೆ. ಕಳೆದ ಕ್ರಿಸ್ಮಸ್ಸಿಗೆ ಎಲ್ಲರೂ ಚಿಪ್ಪುಗಳಲ್ಲಿ ರಾಗಿ ಬಿತ್ತಿ ನಮ್ಮ ಮನೆಯ ಗೋದಲಿಗೆ ತಂದರು. ಆ ವರ್ಷ ನಮ್ಮ ಕುರಿಗಳಿಗೆ ಮೇವಿನ ಕೊರತೆಯಾಗಲಿಲ್ಲ. ಇನ್ನೊಂದು ಪಾಠ ನನ್ನ ಸ್ವಂತ ಕಸುಬಿನದು: ತಿಂಡಿ ಪೊಟ್ಟಣಗಳ ಬೆನ್ನಿನ ಮೇಲಿನ ಅತಿ ಸಣ್ಣ ಅಕ್ಷರಗಳನ್ನು ಓದುವುದು. ಮುಂಭಾಗದಲ್ಲಿ ಮಾವಿನ ಹಣ್ಣು ರಸ ಸುರಿಸುತ್ತಿರುತ್ತದೆ. ಬೆನ್ನಿನ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಕೂಡಿಸಿ ಓದಿದರೆ ಸಕ್ಕರೆ, ಬಣ್ಣ, ಸುವಾಸನೆ. ಒಂದು ಶನಿವಾರ ಚಂದನಾ ಖಾಲಿ ಪೊಟ್ಟಣವೊಂದನ್ನು ಹಿಡಿದು, “ತಾತ, ಇದರಲ್ಲಿ ಎಲ್ಲಾ ಐತೆ, ಮಾವಿನಹಣ್ಣೊಂದು ಬುಟ್ಟು” ಎಂದಳು. ಆ ವಾರ ಮೂಲೆಯ ಅಂಗಡಿಯವನು ನನ್ನನ್ನು ಕಂಡು ಮುಖ ತಿರುಗಿಸಿದ. ಅಂಥ ಮುಖ ತಿರುಗಿಸುವಿಕೆಯನ್ನು ನಾನು ಬಿರುದೆಂದು ಸ್ವೀಕರಿಸುತ್ತೇನೆ.

ಈಗ ಹತ್ತು ವರ್ಷದವಳಾಗಿರುವ ಈ ಚಂದನಾಳಿಗೆ ಸಾರಿನ ಮಣ್ಣಿನ ಹೆಸರು ಗೊತ್ತಿದೆ, ಅದರ ಗಿಡದ ಹೂವಿನ ಬಣ್ಣ ಗೊತ್ತಿದೆ, ತನ್ನ ತಟ್ಟೆಯ ತಳದಲ್ಲಿ ಅದನ್ನು ಬಿಡುವುದಿಲ್ಲ. ತಮ್ಮನೂ ಬಿಡುವಂತಿಲ್ಲ. ತಪ್ಪು ಹೇಳಿದವರು ಯಾರೇ ಆಗಿರಲಿ ಅವರನ್ನು ನಿಲ್ಲಿಸಿ ತಿದ್ದುತ್ತಾಳೆ. ಈ ಗುಣ ಎಲ್ಲಿಂದ ಬಂತೆಂದು ಅವಳ ಅಪ್ಪ ಮಹದೇವ ನನ್ನನ್ನು ಕೇಳಿದ, ಗೊತ್ತಿಲ್ಲವೆಂದೆ.

ಈ ದಸರೆಗೆ ಹದಿನೈದು ದಿನವಿರುವಾಗ ವೀಣಾ ಎಂಬ ಹೆಣ್ಣುಮಗಳೊಬ್ಬಳು ಫೋನು ಮಾಡಿದಳು. ಮಗನಿಗೆಂದು ನನ್ನ ಪುಸ್ತಕ ಕೊಂಡಿದ್ದಳಂತೆ. “ಸಾರ್, ನಮ್ಮನೇಲೂ ಹಳೇ ಕಾಲದ ಶೆಟ್ಟರ ಬೊಂಬೆ ಇದೆ. ಕೆಲವು ವರ್ಷದಿಂದ ಬಟ್ಟಲಿಗೆ ಬಣ್ಣದ ಮಣಿ ಹಾಕಿ ಇಟ್ಟುಬಿಡ್ತಿದ್ವಿ. ನಿಮ್ಮ ಶನಿವಾರದ ಮಕ್ಕಳೇ ಬಂದು ಈ ಸಲ ಅಂಗಡಿ ಜೋಡಿಸ್ತಾರಾ? ನಮ್ಮ ಯಜಮಾನ್ರ ಅಜ್ಜಿಗೂ ಖುಷಿಯಾಗುತ್ತೆ, ಮಕ್ಕಳನ್ನ ಪರೀಕ್ಷೆ ಮಾಡೋದು ಅಂದ್ರೆ ಅವರಿಗೆ ಬಹಳ ಇಷ್ಟ.” ವಿಳಾಸ ಹೇಳಿದಳು. ನಾನು ಬರೆದುಕೊಳ್ಳಲಿಲ್ಲ. ಬರೆದುಕೊಳ್ಳುವ ಅಗತ್ಯವಿರಲಿಲ್ಲ.

“ಹೋಗ್ತೀರಾ?” ಎಂದಳು ಫಿಲೋಮಿನಾ.

“ಹೋಗ್ತೀನಿ. ನೀನೂ ಬಾ.”

“ನಾನ್ ಬರಲ್ಲ ಕಣ್ರೀ. ಮದುವೆಯಾದಾಗಿಂದ ಆ ಚಕ್ಕುಲಿ ಕಥೆ ಕೇಳ್ತಾ ಇದೀನಿ. ನನ್ನ ತಾಳಿಗಿಂತ ಮುಂಚೆ ಅದು ಮನೆಗೆ ಬಂದದ್ದು. ನಿಮ್ಮಿಬ್ಬರ ಮಧ್ಯೆ ನಾನ್ಯಾಕೆ?”

ಐದು ಮಕ್ಕಳನ್ನು ಕರೆದುಕೊಂಡು ಬಸ್ಸು ಹತ್ತಿದೆ. ಒಬ್ಬೊಬ್ಬರ ಮಡಿಲಲ್ಲೂ ಕಾಳಿನ ಡಬ್ಬಿ. ಚಂದನಾ ಕಿಟಕಿಯ ಪಕ್ಕ ಕೂತು ಬಟ್ಟಲುಗಳ ಕ್ರಮವನ್ನು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಅವಳನ್ನು ನೋಡುತ್ತಿದ್ದಂತೆ ನನಗೆ ಒಳಗೊಳಗೇ ಅಳುಕು ಶುರುವಾಯಿತು. ಅವಮಾನ ನನಗೆ ಹೊಸದಲ್ಲ. ಅದರೊಡನೆ ಬಾಳುವುದನ್ನು ಅರುವತ್ತಕ್ಕೂ ಮಿಕ್ಕಿದ ವರ್ಷಗಳಿಂದ ಕಲಿತಿದ್ದೇನೆ. ಆದರೆ ಈ ಹುಡುಗಿ? ಕೆಸರೆಯ ಆಟೋದವನ ಮಗಳು ಆ ಮನೆಯ ಹಿರಿಯರನ್ನು “ತಪ್ಪು” ಎಂದುಬಿಟ್ಟರೆ, ಡಬ್ಬಿಯ ತಳಕ್ಕೆ ಕೈ ಹೋಗುವುದಿಲ್ಲವೆಂದು ಯಾರು ಹೇಳಬಲ್ಲರು? ‘ಅಲ್ಲಿ ದೊಡ್ಡವರಿದ್ದಾರೆ, ಏನಾದರೂ ತಪ್ಪು ಹೇಳಿದರೆ ತಿದ್ದಲು ಹೋಗಬೇಡ ಮಗಳೆ’ ಎಂಬ ಮಾತು ನನ್ನ ನಾಲಗೆಯ ತುದಿಯವರೆಗೆ ಬಂತು. ಬಾಯಿ ತೆರೆದೂ ಆಗಿತ್ತು. “ಏನ್ ತಾತ?” ಎಂದಳು. “ಡಬ್ಬಿ ಗಟ್ಟಿಯಾಗಿ ಹಿಡ್ಕೊ” ಎಂದೆ.

ಮನೆ ಬದಲಾಗಿತ್ತು, ಮೆಟ್ಟಿಲು ಬದಲಾಗಿರಲಿಲ್ಲ. ಶೆಟ್ಟರ ಮೂಗಿನ ಬಣ್ಣ ಸ್ವಲ್ಪ ಹೋಗಿತ್ತು. ಹೊಟ್ಟೆ ಹಾಗೆಯೇ ಇತ್ತು. ಮಕ್ಕಳು ಮಣಿಗಳನ್ನು ಸುರಿದು, ಬಟ್ಟಲು ಒರೆಸಿ, ಕಾಳು ತುಂಬಿ ಅಂಗಡಿ ತೆರೆದರು. ಎಂಬತ್ತು ದಾಟಿದ ಜಾನಕಮ್ಮನವರು ಬೆತ್ತದ ಕುರ್ಚಿಯಲ್ಲಿ ಬಂದು ಕೂತರು. ಕೂದಲು ಹತ್ತಿಯಂತಾಗಿತ್ತು, ದನಿ ಮಾತ್ರ ಅದೇ. ನನಗೆ ಕೈ ಮುಗಿದು “ಬನ್ನಿ ಮೇಷ್ಟ್ರೆ” ಎಂದರು. ಗುರುತು ಸಿಕ್ಕಿರಲಿಲ್ಲ. ಸಿಕ್ಕದಿದ್ದುದನ್ನೂ ನಾನು ಗಮನಿಸಿದೆ.

ಪರೀಕ್ಷೆ ಶುರುವಾಯಿತು. ಅಕ್ಕಿ, ಹುರುಳಿ, ಉದ್ದು, ಹೆಸರು, ಚಂದನಾ ಒಂದರಲ್ಲೂ ತಡೆಯಲಿಲ್ಲ. ಆಮೇಲೆ ಮುದುಕಿ ಒಂದು ಹಳದಿ ಬೇಳೆಯ ಬಟ್ಟಲಿನತ್ತ ಬೆರಳು ಮಾ‌ಡಿ, ಅಷ್ಟೇನೂ ಮುಖ್ಯವಲ್ಲವೆಂಬಂತೆ ಕೇಳಿದರು: “ಇದು ತೊಗರಿಬೇಳೆ ತಾನೆ?”

ಅದು ಕಡಲೆಬೇಳೆ. ನಾನು ಕೂತಿದ್ದ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದೆ.

“ಅಲ್ಲ ಅಜ್ಜಿ, ಕಡ್ಲೆಬೇಳೆ.”

“ತೊಗರಿಬೇಳೆ ಕಣೆ.”

“ಅಲ್ಲ. ಮೂಗೈತೆ ನೋಡಿ ಬೇಕಾರೆ” ಎಂದು ಚಂದನಾ ಒಂದು ಬೇಳೆಯನ್ನು ಎತ್ತಿ ಆಕೆಯ ಅಂಗೈಗೇ ಹಾಕಿದಳು. “ಕಣ್ಣು ಮುಚ್ಕೊಂಡು ಮುಟ್ಟಿ, ಗೊತ್ತಾಗುತ್ತೆ.”

ಜಾನಕಮ್ಮನವರು ನಿಜವಾಗಿಯೂ ಕಣ್ಣು ಮುಚ್ಚಿ ಬೇಳೆಯನ್ನು ಬೆರಳಿನಲ್ಲಿ ಹೊರಳಿಸಿದರು. ಆಮೇಲೆ, “ವೀಣಾ, ಆ ದೊಡ್ಡ ಡಬ್ಬಿ ತಗೊಂಬಾ” ಎಂದರು. ಚಂದನಾಳ ಎರಡು ಕೈ ತುಂಬ ಇಡೀ ಇಡೀ ಚಕ್ಕುಲಿಗಳನ್ನು ಇಟ್ಟರು.

“ಗೊತ್ತು ಕಣೆ ನನಗೆ, ಕಡಲೆಬೇಳೆ ಅಂತ. ಕಾಳಿಟ್ಟ ವರ್ಷವೆಲ್ಲ ಈ ಬಟ್ಟಲ ಹತ್ರ ತಪ್ಪೇ ಕೇಳೋದು ನಾನು. ದೊಡ್ಡೋರು ಹೇಳಿದ್ರು ಅಂತ ಎಲ್ಲಾ ಮಕ್ಕಳೂ ಹೂಂ ಅಂದುಬಿಡ್ತವೆ. ಅಲ್ಲ ಅನ್ನೋ ಮಗು ಬರೋದೇ ಅಪರೂಪ.” ನನ್ನ ಕಡೆ ತಿರುಗಿದರು. “ಮದುವೆಯಾಗಿ ಬಂದ ವರ್ಷ ಒಬ್ಬ ಹುಡುಗ ಬಂದಿದ್ದ ಮೇಷ್ಟ್ರೆ. ಅವನು ಹೇಳ್ದ, ಮೂಗಿದೆ ನೋಡಿ ಅಂತ. ತವರಲ್ಲಿ ಅಡುಗೆಮನೆಗೆ ಕಾಲಿಟ್ಟವಳಲ್ಲ ನಾನು, ತೊಗರಿ ಯಾವುದು ಕಡಲೆ ಯಾವುದು ಏನು ಗೊತ್ತು. ಬೈದು ಕಳಿಸಿದೆ. ಮಾರನೇ ದಿನ ಅದೇ ಬೇಳೆಗೆ ಸಾರಿಡಕ್ಕೆ ಹೋದೆ. ಎಷ್ಟು ಕುದಿಸಿದ್ರೂ ಮಸೆಯಕ್ಕೇ ಆಗ್ಲಿಲ್ಲ. ನಮ್ಮತ್ತೆ ಸೌಟಲ್ಲಿ ಎತ್ತಿ ನೋಡಿ, ಇದ್ಯಾವ ಊರಲ್ಲಮ್ಮ ಕಡಲೆಬೇಳೇಲಿ ಸಾರು ಮಾಡೋದು ಅಂದ್ರು. ಆ ಹುಡುಗ ಮುಂದಿನ ವರ್ಷ ಬರ್ತಾನೆ, ಕೈ ತುಂಬ ಕೊಡೋಣ ಅಂತ ಕಾದೆ. ಬರಲೇ ಇಲ್ಲ.”

ಇಂಥ ಸಂದರ್ಭಕ್ಕೆಂದು ನಾನು ಗೋದಲಿಯ ಉತ್ತರವನ್ನು ಎಷ್ಟು ವರ್ಷ ಕಾಪಾಡಿಕೊಂಡಿದ್ದೆ. ಅದು ಬೇಕಾಗಲೇ ಇಲ್ಲ. ಬಾಯಿಗೆ ಬಂದದ್ದು ಬೇರೆಯೇ.

“ಆ ಹುಡುಗನಿಗೆ ನೀವು ಕೊಟ್ಟಿದ್ದು ಅರ್ಧ ಚಕ್ಕುಲಿ” ಎಂದೆ.

ಆಕೆ ನನ್ನನ್ನು ದಿಟ್ಟಿಸಿದರು. ಕನ್ನಡಕ ಸರಿಪಡಿಸಿಕೊಂಡು ಮತ್ತೆ ದಿಟ್ಟಿಸಿದರು. ಮುಖದಲ್ಲಿ ಏನೇನೋ ಹಾದುಹೋಯಿತು.

“ಅರ್ಧ ಅಲ್ಲ” ಎಂದರು. “ಮುಕ್ಕಾಲು.”

“ಅರ್ಧ.”

“ಮುಕ್ಕಾಲು. ಎತ್ತಿಕೊಟ್ಟೋಳು ನಾನು, ನನಗೆ ಗೊತ್ತಿಲ್ವೆ? ಒಂದು ಅಂಚು ಮಾತ್ರ ಹೋಗಿತ್ತು.”

“ತಗೊಂಡೋನು ನಾನಮ್ಮ. ಅರ್ಧ ಇತ್ತು. ನಮ್ಮಪ್ಪ ಸಾಕ್ಷಿ.”

“ನಿಮ್ಮಪ್ಪನ್ನ ಎಲ್ಲಿಂದ ಕರೆಸ್ತೀರಿ ಈಗ? ನಮ್ಮತ್ತೇನೂ ಹೋದ್ರು” ಎಂದು ಡಬ್ಬಿಯಿಂದ ಒಂದು ಚಕ್ಕುಲಿ ತೆಗೆದು, ಬಹಳ ಜಾಗರೂಕತೆಯಿಂದ ನಾಲ್ಕರಲ್ಲೊಂದು ಭಾಗ ಮುರಿದು ನನ್ನ ಮುಂದೆ ಹಿಡಿದರು. ಕಣ್ಣಂಚಿನಲ್ಲಿ ನೀರಿತ್ತು, ಬಾಯಿ ಮಾತ್ರ ಬಿಗಿಯಾಗಿತ್ತು. “ತಗೊಳ್ಳಿ. ಬಾಕಿ ಕಾಲು. ಇವತ್ತಿಗೆ ಸರಿಹೋಯ್ತು.”

“ನನ್ನ ಪ್ರಕಾರ ಇನ್ನೊಂದು ಕಾಲು ಬರಬೇಕು” ಎಂದೆ. ಆದರೆ ಎರಡೂ ಕೈ ಒಡ್ಡಿ ತೆಗೆದುಕೊಂಡೆ. ಅಲ್ಲೇ ತಿಂದಿದ್ದರೆ ಲೆಕ್ಕ ಒಪ್ಪಿದಂತಾಗುತ್ತಿತ್ತೆಂದು ಜೇಬಿಗೆ ಹಾಕಿದೆ. ವೀಣಾ ಬಾಯಿಗೆ ಸೆರಗು ಅಡ್ಡ ಹಿಡಿದು ನಿಂತಿದ್ದಳು.

“ಬರೋ ವರ್ಷ ಬನ್ನಿ, ವಿಚಾರಣೆ ಮಾಡೋಣ” ಎಂದರು ಜಾನಕಮ್ಮನವರು. “ಈ ಹುಡುಗೀನ ಕರ್ಕೊಂಡು ಬನ್ನಿ. ತಪ್ಪಿಸಬೇಡಿ, ಆವತ್ತಿನ ಹಾಗೆ.”

ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಕಿಟಕಿಯಾಚೆ ನೋಡುತ್ತ ಕೂತಿದ್ದೆ. ನನ್ನ ಶನಿವಾರದ ಮಕ್ಕಳು ಯಾರೂ ಆ ಮನೆಯಿಂದ ತುಂಡು ಹಿಡಿದು ಹೊರಗೆ ಬಂದಿರಲಿಲ್ಲ. ಎದೆಯಲ್ಲಿ ಏನೋ ಹಗುರವಾಗಿತ್ತು, ಅದನ್ನು ಹಗುರವೆಂದು ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. ಚಂದನಾ ಪಕ್ಕದಲ್ಲಿ ಏನೋ ಕಾರ್ಯದಲ್ಲಿ ಮಗ್ನಳಾಗಿದ್ದಳು. ಕೆಸರೆಯ ನಿಲ್ದಾಣ ಹತ್ತಿರವಾದಾಗ ತನ್ನ ಲಂಗದ ಜೇಬಿಗೆ ಕೈ ಹಾಕಿ ಒಂದು ಚಕ್ಕುಲಿಯ ತುಂಡನ್ನು ತೆಗೆದು ನನ್ನ ಮುಂದೆ ಹಿಡಿದಳು.

“ತಾತ, ನೋಡಿ. ಬಸ್ ಹತ್ತಿದಾಗ ಇದನ್ನ ಮುಕ್ಕಾಲು ಮಾಡಿ ಜೇಬಲ್ಲಿ ಹಾಕ್ಕೊಂಡಿದ್ದೆ. ಈಗ ಅರ್ಧ ಆಗೈತೆ. ಮಿಕ್ಕಿದ್ದು ಪುಡಿ.” ಜೇಬನ್ನು ಹೊರಮುಖ ಮಾಡಿ ಪುಡಿಯನ್ನೂ ತೋರಿಸಿದಳು. “ನೀವು ಆವತ್ತು ಮನೆಗಂಟ ಓಡ್ಕೊಂಡು ಹೋದ್ರಾ, ನಡ್ಕೊಂಡು ಹೋದ್ರಾ?”

ಈ ಪ್ರಶ್ನೆಯನ್ನು ಇದುವರೆಗೆ ನನಗೆ ಯಾರೂ ಕೇಳಿರಲಿಲ್ಲ. ನನ್ನ ತಂದೆ ಕೇಳಿರಲಿಲ್ಲ, ಹೆಂಡತಿ ಕೇಳಿರಲಿಲ್ಲ. ಅಕ್ಷರ ಅಕ್ಷರವನ್ನೂ ಪರೀಕ್ಷಿಸಿ ಜೀವಿಸಿದ ನಾನೂ ಕೇಳಿಕೊಂಡಿರಲಿಲ್ಲ. ಹೇಳಿದವರ ವಯಸ್ಸು ನೋಡದೆ, ಹೇಳಿದ್ದನ್ನು ಹಾಗೆಯೇ ನುಂಗದೆ, ವಸ್ತುವನ್ನು ಕೈಗೆ ತೆಗೆದುಕೊಂಡು ನೋಡಬೇಕೆಂದು ಆ ಹುಡುಗಿಗೆ ಶನಿವಾರ ಶನಿವಾರ ಕಲಿಸಿದವನು ನಾನು. ಅವಳು ಕಲಿತಿದ್ದಳು. ಆ ಕುಲುಕಾಡುವ ಬಸ್ಸಿನಲ್ಲಿ ನನಗಾದಷ್ಟು ಹೆಮ್ಮೆ ಇಷ್ಟು ವರ್ಷದಲ್ಲಿ ಯಾವ ಮುನ್ನುಡಿಯ ಸ್ಮರಣೆಯಿಂದಲೂ ಆದದ್ದಿಲ್ಲ.

“ಓಡ್ಕೊಂಡು” ಎಂದೆ.

“ಹಂಗಾದ್ರೆ” ಎಂದು ಅವಳು ತಲೆಯಾಡಿಸಿ, ಪುರಾವೆಯ ತುಂಡನ್ನು ಬಾಯಿಗೆ ಹಾಕಿಕೊಂಡು ಕರಕರನೆ ಅಗಿಯತೊಡಗಿದಳು.

ಮರುದಿನ ಬೆಳಿಗ್ಗೆ ಫಿಲೋಮಿನಾ ನನ್ನ ಜೇಬಿನಲ್ಲಿ ಕಂಡದ್ದು ಆ ಕಾಲು ಚಕ್ಕುಲಿಯ ಅವಶೇಷ. ಅದರಲ್ಲೂ ಇಡಿಯಾಗಿ ಉಳಿದದ್ದು ಅರ್ಧದಷ್ಟೇ. ಜೇಬಿನ ಗುಣವೇ ಅಂಥದೆಂಬ ಸಾಧ್ಯತೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಾಧ್ಯತೆ ಬೇರೆ, ತೀರ್ಮಾನ ಬೇರೆ. ಕಾಗದದ ಪೊಟ್ಟಣ ನನ್ನ ಮೇಜಿನ ಮೇಲೆ, ಕೆಂಪು ಶಾಯಿಯ ಬಾಟಲಿಯ ಪಕ್ಕದಲ್ಲಿದೆ. ಬರುವ ದಸರೆಗೆ ಅದನ್ನು ತೆಗೆದುಕೊಂಡು ಹೋಗುತ್ತೇನೆ. ಚಂದನಾ ಬರುತ್ತಾಳೆ, ತೂಗಲು ತಕ್ಕಡಿ ತರುತ್ತಾಳಂತೆ. ಜಾನಕಮ್ಮನವರು ಅಲ್ಲಿಯವರೆಗೆ ಆರೋಗ್ಯವಾಗಿರಬೇಕು. ಅವರು ನನಗೆ ಇನ್ನೂ ಕಾಲು ಚಕ್ಕುಲಿ ಕೊಡಬೇಕಾಗಿದೆ.